ಶೇಕಡಾ ಐದರ ಗೆರೆ ಮತ್ತು ಮಾಡಗ್ಯಾಳದ ಕನ್ನಡ ಟಿವಿ

1976ರ ಜುಲೈ 31ಕ್ಕೆ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಟಿವಿ ನಿಂತುಹೋಯಿತು. ಕರೆಂಟು ಹೋಗಿರಲಿಲ್ಲ, ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ಕಾರ್ಯಕ್ರಮ ಬಿತ್ತರಿಸುತ್ತಿದ್ದ ಉಪಗ್ರಹವನ್ನೇ ಅದರ ಒಡೆಯರು ವಾಪಸು ಕರೆಸಿಕೊಂಡಿದ್ದರು. ಕನ್ನಡದ ಮಟ್ಟಿಗೆ ಟಿವಿ ಪ್ರಸಾರವೊಂದು ಬಾಗಿಲು ಮುಚ್ಚಿದ ಮೊದಲ ಪ್ರಸಂಗ ಅದು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗುವುದಕ್ಕೇ ಇನ್ನೂ ಐದು ವರ್ಷ ಬಾಕಿ ಇತ್ತು.

ಆ ಯೋಜನೆಯ ಹೆಸರು ಸೈಟ್. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತ್ತು. 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಪ್ರಸಾರ ನಡೆಯಿತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆಲ್ಲ. ಭಾಷೆಗಳು ನಾಲ್ಕು: ಹಿಂದಿ, ಒಡಿಯಾ, ತೆಲುಗು, ಕನ್ನಡ. ಬೆಳಗಿನ ಪ್ರಸಾರದಲ್ಲಿ ಒಂದೊಂದು ಭಾಷೆಗೆ ಸಿಗುತ್ತಿದ್ದದ್ದು ಇಪ್ಪತ್ತೆರಡೂವರೆ ನಿಮಿಷ. ಮಾಳಿಗೆಯ ಮೇಲೋ ಶಾಲೆಯ ಅಂಗಳದಲ್ಲೋ ಹತ್ತು ಅಡಿ ಅಗಲದ ಆಂಟೆನಾ. ಅದರ ಮೈಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವಂಥ ತಂತಿಬಲೆ. ಕರೆಂಟಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯಿಂದ ಪೆಟ್ಟಿಗೆ ನಡೆಯುತ್ತಿತ್ತು. ಬಾನಿನ 36 ಸಾವಿರ ಕಿಲೋಮೀಟರ್ ಎತ್ತರದಿಂದ ಇಳಿದ ಕನ್ನಡವನ್ನು ಈ ತಂತಿಬಲೆ ಹಿಡಿದು ಕೊಡುತ್ತಿತ್ತು. ಬೀಜ, ಗೊಬ್ಬರ, ದನಕರುಗಳ ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು, ನಾಟಕ. ಕರ್ನಾಟಕದ ಪಾಲಿಗೆ ಸರಕಾರ ಆರಿಸಿಕೊಂಡದ್ದು ಹೈದರಾಬಾದ್ ಕರ್ನಾಟಕದ ಎರಡು ಜಿಲ್ಲೆ ಮತ್ತು ವಿಜಾಪುರ. ಟಿವಿ ನಗರದಿಂದ ಹಳ್ಳಿಗೆ ಇಳಿದು ಬಂತು ಎನ್ನುವ ರೂಢಿಯ ಕಥೆ ಈ ಸೀಮೆಗೆ ಅನ್ವಯಿಸುವುದಿಲ್ಲ. ಇಲ್ಲಿ ಹಳ್ಳಿಯೇ ಮೊದಲು.

ವಿಜಾಪುರ ಜಿಲ್ಲೆ ಪಶ್ಚಿಮಕ್ಕೆ ಮುಗಿಯುವಲ್ಲಿ ಜತ್ತ ತಾಲ್ಲೂಕು ಶುರು. ಅಲ್ಲಿಯ ಮಾಡಗ್ಯಾಳ ಎಂಬ ಊರು ಹೊರಗಿನವರಿಗೆ ಗೊತ್ತಿರುವುದು ಕುರಿಯಿಂದ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಭಾಷಾವಾರು ವಿಂಗಡಣೆಯಲ್ಲಿ ವಿಜಾಪುರ ಈಚೆ ಕರ್ನಾಟಕಕ್ಕೆ ಬಂತು, ಜತ್ತ ಆಚೆ, ಇಂದಿನ ಮಹಾರಾಷ್ಟ್ರದಲ್ಲಿ, ಉಳಿಯಿತು. ಮನೆಮಾತು ಬದಲಾಗಲಿಲ್ಲ. ತಾಲ್ಲೂಕಿನ ಹಲವು ಊರುಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ನೀರಿನ ಬವಣೆಗೆ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಇಲ್ಲಿಯ ಹಳ್ಳಿಗಳು ಎತ್ತಿದ ದನಿ 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ನಾಯಕರ ಬಾಯಲ್ಲಿ ಜಗಳವಾಗಿ ದೇಶವೆಲ್ಲ ಕೇಳಿತು.

ಸೈಟ್ ಯೋಜನೆಯ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ವಿಜಾಪುರದ ಹೊಲಕ್ಕೂ ಜತ್ತದ ಹೊಲಕ್ಕೂ ನಡುವೆ ಇರುವುದು ಒಂದು ಬದು. ಆದರೆ ತಂತಿಬಲೆಯ ಆಂಟೆನಾ ಬದುವಿನ ಈಚೆಗೇ ನಿಂತಿತು. ಉಪಗ್ರಹದ ಕಿರಣಕ್ಕೆ ರಾಜ್ಯದ ಗಡಿ ಕಾಣುವುದಿಲ್ಲ. ಪೆಟ್ಟಿಗೆ ಹಂಚುವ ಪಟ್ಟಿಗೆ ಕಾಣುತ್ತದೆ. ಮುಂದಿನ ನಲವತ್ತೈದು ವರ್ಷ ಗಡಿಯ ಕನ್ನಡ ನೋಡುಗರ ಪಾಲಿಗೆ ಇದೇ ಮತ್ತೆ ಮತ್ತೆ ನಡೆಯಿತು, ಬೇರೆ ಬೇರೆ ಹೆಸರಿನಲ್ಲಿ.

ಸೈಟ್ ಮುಗಿದ ಮರುವರ್ಷ, 1977ರಲ್ಲಿ, ಗುಲಬರ್ಗಾದಲ್ಲಿ ನೆಲದ ಮೇಲಿನ ಟಿವಿ ಕೇಂದ್ರ ಬಂತು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ. ಗೋಪುರದ ಪ್ರಸಾರ ಕೆಲವು ಹರದಾರಿಗೆ ಮುಗಿಯುತ್ತದೆ. ಹಾಗಾಗಿ ಮಹಾರಾಷ್ಟ್ರದ ಮರುಪ್ರಸಾರ ಕೇಂದ್ರಗಳ ಆಸುಪಾಸಿನ ಕನ್ನಡದ ಮನೆಗಳಿಗೆ ಸಿಗುತ್ತಿದ್ದದ್ದು ದಿಲ್ಲಿಯ ಹಿಂದಿ, ಮುಂಬೈಯ ಮರಾಠಿ. ಕನ್ನಡದವರು ರಾಮಾಯಣವನ್ನು ಹಿಂದಿಯಲ್ಲೇ ನೋಡಿ ಕೈಮುಗಿದರು.

ತೊಂಬತ್ತರ ದಶಕದಲ್ಲಿ ಬಂದ ಡಿಶ್ಶು ಈ ಅಡ್ಡಿಯನ್ನು ಮುರಿಯಿತು. ಮುಂದೆ ಚಂದನ ಎಂದು ಹೆಸರು ಪಡೆದ ಡಿಡಿ-9, 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರ್ 10ರಂದು ಈಟಿವಿ ಕನ್ನಡ. ಉಪಗ್ರಹದ ನೆರಳು ಬಿದ್ದಲ್ಲೆಲ್ಲ ಕನ್ನಡ. ಬೆಳಗಿನ ಹೊತ್ತು ಈಟಿವಿಯ 'ಅನ್ನದಾತ' ರೈತರ ಮಾತಾಡುತ್ತಿತ್ತು. 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಳ್ಳಿಯ ಹುಡುಗ ಹುಡುಗಿಯರ ಶ್ರುತಿ ತಿದ್ದುತ್ತಿದ್ದರು. 2003ರಲ್ಲಿ ಡಿಶ್ ಟಿವಿ, 2004ರ ಕೊನೆಯಲ್ಲಿ ದೂರದರ್ಶನದ ಉಚಿತ ಡಿಡಿ ಡೈರೆಕ್ಟ್, 2006ರಲ್ಲಿ ಟಾಟಾ ಸ್ಕೈ ಬಂದ ಮೇಲೆ ಕೇಬಲ್ಲಿನವನು ತಂತಿ ಎಳೆಯದ ತೋಟದ ಮನೆಗೂ ಛತ್ರಿ ಬಂತು. ಗಡಿಯ ಕನ್ನಡಿಗರಿಗೆ ಟಿವಿ ವಿಷಯದಲ್ಲಿ ಸುಗ್ಗಿ ಎಂದು ಯಾವುದನ್ನಾದರೂ ಕರೆಯುವುದಾದರೆ ಆ ಹದಿನೈದು ವರ್ಷಗಳನ್ನು ಕರೆಯಬೇಕು.

ಅದೇ ಕಾಲದಲ್ಲಿ ಕೆಲವು ಹೆಸರುಗಳು ಸದ್ದಿಲ್ಲದೆ ಅಳಿದವು. ಸುಪ್ರಭಾತ, ಕಾವೇರಿ ಎಂಬ ವಾಹಿನಿಗಳು ಬಂದಷ್ಟೇ ಬೇಗ ಮರೆಯಾದವು. ಉಷೆ ಟಿವಿ ಹೋಗಿ ಉದಯ ಮೂವೀಸ್ ಆಯಿತು. ಪತ್ರಿಕೆ ನಿಂತರೆ ಹಳೆಯ ಸಂಚಿಕೆಯಾದರೂ ಗ್ರಂಥಾಲಯದಲ್ಲಿ ಉಳಿಯುತ್ತದೆ. ಚಾನೆಲ್ ನಿಂತರೆ ಅದರಲ್ಲಿ ಬಂದದ್ದೆಲ್ಲ ಕಂಪನಿಯ ಉಗ್ರಾಣ ಸೇರುತ್ತದೆ. ಕನ್ನಡ ಟಿವಿಯ ಮೊದಲ ದಶಕಗಳ ಬಗ್ಗೆ ಬರೆಯಲು ಕೂತವರಿಗೆ ಇದು ದೊಡ್ಡ ನಷ್ಟ.

ಚಾನೆಲ್ಲುಗಳು ಮುಚ್ಚುವುದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ನೋಡುವವರಿಲ್ಲ. ಆದರೆ ನೋಡುವವರನ್ನು ಎಣಿಸುತ್ತಿದ್ದದ್ದು ಹೇಗೆ? ಟ್ಯಾಮ್ ಸಂಸ್ಥೆಯ ಮೀಟರುಗಳು ಇದ್ದದ್ದು ಪಟ್ಟಣಗಳಲ್ಲಿ. ಹಳ್ಳಿಯ ಲೆಕ್ಕ ಹಿಡಿಯುವ ಪದ್ಧತಿ ಬಂದದ್ದು ಬಾರ್ಕ್ ಸಂಸ್ಥೆ ಶುರುವಾದ ಮೇಲೆ, 2015ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಹಳ್ಳಿಯವರು ಎಷ್ಟು ಹೊತ್ತು ಕೂತು ನೋಡಿದರೂ ಜಾಹೀರಾತುದಾರರ ಕಣ್ಣಿಗೆ ಆ ಮನೆಗಳು ಖಾಲಿ. ಬಾರ್ಕ್ ಬಂದ ಮೇಲೂ ಮಾರುಕಟ್ಟೆಯ ವಿಭಾಗ ರಾಜ್ಯವಾರು. ಕರ್ನಾಟಕ ಒಂದು, ಮಹಾರಾಷ್ಟ್ರ ಮತ್ತು ಗೋವಾ ಸೇರಿ ಇನ್ನೊಂದು. ಜತ್ತದಲ್ಲಿ ನೋಡಿದ ಕನ್ನಡ ಧಾರಾವಾಹಿಯಿಂದ ಕರ್ನಾಟಕದ ಟಿಆರ್‌ಪಿ ಏರುವುದಿಲ್ಲ.

2017ರ ಅಕ್ಟೋಬರ್ 24ರಂದು ಉದಯ ನ್ಯೂಸ್ ನಿಂತಿತು. ಕನ್ನಡದ ಮೊದಲ ಸುದ್ದಿ ವಾಹಿನಿ ಎಂದು ಹೆಸರಾಗಿದ್ದ ಅದು 'ಉದಯ ವಾರ್ತೆಗಳು' ಎಂದು ಶುರುವಾದದ್ದು. ನಷ್ಟವೇ ಕಾರಣ ಎಂದು ಕಂಪನಿ ಹೇಳಿತು, ಹತ್ತಾರು ಮಂದಿ ಕೆಲಸ ಕಳೆದುಕೊಂಡರು. ಅಬ್ಬರದ ಚರ್ಚೆಗಳ ಕಾಲದಲ್ಲಿ ಮೆಲ್ಲಗೆ ಸುದ್ದಿ ಓದುವ ಚಾನೆಲ್ಲಿಗೆ ಪೈಪೋಟಿ ಕಷ್ಟವಾಯಿತು.

ಎರಡು ವರ್ಷ ಕಳೆಯುವುದರೊಳಗೆ ಇಡೀ ವ್ಯಾಪಾರದ ಬುನಾದಿಯೇ ಬದಲಾಯಿತು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ರೂಪಿಸಿದ ಹೊಸ ದರ ಪದ್ಧತಿ 2019ರ ಫೆಬ್ರವರಿ 1ರಿಂದ ನಡೆಗೆ ಬಂತು. ನೂರು ಉಚಿತ ಚಾನೆಲ್ಲುಗಳಿಗೆ ಆಗ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಪೇ ಚಾನೆಲ್ಲಿಗೆ ಬೇರೆ ದುಡ್ಡು. ಅದಕ್ಕೂ ಮೊದಲು ಎಲ್ಲವೂ ಒಂದೇ ಗಂಟಿನಲ್ಲಿ ಬರುತ್ತಿತ್ತು. ಇಂಗ್ಲಿಷ್ ಸಿನಿಮಾದ ಚಾನೆಲ್ಲನ್ನು ಹಳ್ಳಿಯ ಮನೆ ನೋಡದಿದ್ದರೂ ಅದರ ಪಾಲನ್ನು ಕೊಡುತ್ತಿತ್ತು. ನೋಡುಗರು ಕಡಿಮೆ ಇದ್ದ ಚಾನೆಲ್ಲುಗಳು ಬದುಕಿದ್ದೇ ಈ ಗಂಟಿನಿಂದ. ಗಂಟು ಬಿಚ್ಚಿದ ಮೇಲೆ 2020ರ ಜೂನ್ 30ರಂದು ಎಎಕ್ಸ್ಎನ್, ಅದೇ ಡಿಸೆಂಬರ್ 15ರಂದು ಎಚ್‌ಬಿಒ ಮತ್ತು ಡಬ್ಲ್ಯುಬಿ ಭಾರತದಲ್ಲಿ ನಿಂತವು. ನೋಡುಗರು ಮೊಬೈಲಿನತ್ತ ಹೊರಳುತ್ತಿದ್ದದ್ದು ಇನ್ನೊಂದು ಕಾರಣ.

ನಗರದ ಇಂಗ್ಲಿಷ್ ನೋಡುಗರ ಈ ನಷ್ಟ ಪತ್ರಿಕೆಗಳಲ್ಲಿ ಬಂತು. ಗಡಿಯ ಮನೆಗಳಿಗೆ ಬಿದ್ದ ಹೊರೆ ಅಷ್ಟು ಕಣ್ಣಿಗೆ ಬೀಳಲಿಲ್ಲ. ಕರ್ನಾಟಕದಲ್ಲಿ ಕನ್ನಡದ ಪ್ಯಾಕೇ ಮೊದಲ ಪ್ಯಾಕು. ಮಹಾರಾಷ್ಟ್ರದ ಪ್ಯಾಕು ಮರಾಠಿ, ಹಿಂದಿಯದು. ಮಕ್ಕಳ ಶಾಲೆಗೆ, ಸರಕಾರದ ಸುದ್ದಿಗೆ ಮರಾಠಿ ಬೇಕು, ಅಜ್ಜಿಗೆ ಕನ್ನಡ ಬೇಕು. ಜೀ ಕನ್ನಡ, ಕಲರ್ಸ್ ಕನ್ನಡ ಎರಡೂ ಆಗ ಬಿಡಿಯಾಗಿ 19 ರೂಪಾಯಿ. ತೆರಿಗೆ ಕೂಡಿದರೆ ಒಂದೊಂದಕ್ಕೆ 22 ರೂಪಾಯಿ 42 ಪೈಸೆ, ಪ್ರತಿ ತಿಂಗಳು. ಗಡಿಯಲ್ಲಿ ಎರಡು ಭಾಷೆಯ ಮನೆ ಎಂದರೆ ಎರಡು ಪ್ಯಾಕಿನ ಖರ್ಚು.

ಇದಕ್ಕಿಂತ ಮುಖ್ಯವಾದ ಸಾಲೊಂದು ಟ್ರಾಯ್‌ನ 2017ರ ನಿಯಮಾವಳಿಯಲ್ಲಿದೆ. ವಿತರಕರು ಗೊತ್ತುಮಾಡಿದ ಮಾರುಕಟ್ಟೆ ಪ್ರದೇಶದಲ್ಲಿ ಒಂದು ಚಾನೆಲ್ಲಿನ ಚಂದಾದಾರರು ಸತತ ಆರು ತಿಂಗಳು ಒಟ್ಟು ಚಂದಾದಾರರ ಶೇಕಡಾ ಐದಕ್ಕಿಂತ ಕಡಿಮೆ ಇದ್ದರೆ ಅದನ್ನು ಕೈಬಿಡಬಹುದು. ಕೈಬಿಡಲೇಬೇಕು ಎಂದಲ್ಲ, ಬಿಡುವ ಹಕ್ಕು ಇದೆ. ಬೆಂಗಳೂರಿನಲ್ಲಿ ಕೂತು ಓದಿದರೆ ಇದು ನ್ಯಾಯವಾಗಿಯೇ ಕಾಣುತ್ತದೆ. ಇಡೀ ರಾಜ್ಯವೇ ಅಳತೆಯಾದರೆ ಜತ್ತದಲ್ಲಿ ಅದರ ಅರ್ಥ ಬೇರೆ. 2011ರ ಜನಗಣತಿಯಂತೆ ಮಹಾರಾಷ್ಟ್ರದ ಜನಸಂಖ್ಯೆ 11 ಕೋಟಿ 24 ಲಕ್ಷ. ಜತ್ತ ತಾಲ್ಲೂಕಿನದು ಮೂರು ಲಕ್ಷ ಚಿಲ್ಲರೆ. ತಾಲ್ಲೂಕಿನ ಪ್ರತಿ ಮನೆಯೂ ತಪ್ಪದೆ ಕನ್ನಡ ಚಾನೆಲ್ಲಿಗೆ ದುಡ್ಡು ಕಟ್ಟಿದರೂ ರಾಜ್ಯದ ಲೆಕ್ಕದಲ್ಲಿ ಅದು ಶೇಕಡಾ ಒಂದರ ಮೂರನೇ ಒಂದು ಪಾಲೂ ಆಗದು. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಮುಂಬೈಯ ಕನ್ನಡಿಗರನ್ನು ಕೂಡಿಸಿದರೂ ಐದು ದೂರವೇ. ಕೋಟಿಗಟ್ಟಲೆ ಜನ ನೋಡುವ ಕನ್ನಡದ ದೊಡ್ಡ ಚಾನೆಲ್ ಗಡಿ ದಾಟಿದ ಕೂಡಲೇ ಅತಿ ಕಡಿಮೆ ನೋಡುಗರ ಚಾನೆಲ್ ಎನಿಸಿಕೊಳ್ಳುತ್ತದೆ. ಊರಿನ ಲೆಕ್ಕ, ತಾಲ್ಲೂಕಿನ ಲೆಕ್ಕ ಹಿಡಿದಿದ್ದರೆ ಫಲಿತಾಂಶವೇ ತಿರುವುಮುರುವು. ನಿಯಮ ಬರೆದವರು ಭಾಷೆಯ ಸೀಮೆಯನ್ನು ಅಳತೆಗೋಲು ಮಾಡಿಕೊಂಡಿದ್ದರೆ ಗಡಿಯ ನೋಡುಗರಿಗೆ, ಮಹಾರಾಷ್ಟ್ರದ ಕನ್ನಡಿಗರಷ್ಟೇ ಬೆಳಗಾವಿಯ ಮರಾಠಿಗರಿಗೂ, ಒಳಿತಾಗುತ್ತಿತ್ತು.

ಕನ್ನಡದ ಒಳಗಿನ ಕೊರತೆಯನ್ನೂ ಹೇಳಬೇಕು. ಡಿಸ್ಕವರಿಯಂಥ ಜ್ಞಾನದ ಚಾನೆಲ್ಲುಗಳು ತಮಿಳು, ತೆಲುಗಿನಲ್ಲಿ ಮಾತಾಡಿ ವರ್ಷಗಳಾದರೂ ಕನ್ನಡದಲ್ಲಿ ಡಬ್ಬಿಂಗ್ ವಿರೋಧದ ಗೋಡೆ ಇತ್ತು. ಸ್ಪರ್ಧಾ ಆಯೋಗ ಆ ವಿರೋಧವನ್ನು ತಪ್ಪೆಂದದ್ದು 2015ರಲ್ಲಿ. ಹಿಂದಿಯಿಂದ ಡಬ್ಬಾದ ಮಹಾಭಾರತ ಸ್ಟಾರ್ ಸುವರ್ಣದಲ್ಲಿ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಪ್ರಾಣಿ, ಗ್ರಹ, ಸಾಗರಗಳ ಬಗ್ಗೆ ಬೇರೆ ಭಾಷೆಯಲ್ಲಿ ಕೇಳಿ ಬೆಳೆದಿದ್ದರು. ಮಕ್ಕಳಿಗೆಂದು 2009ರಲ್ಲಿ ಬಂದ ಚಿಂಟು ಟಿವಿ ಕಾರ್ಟೂನಿನ ಡೋರಾಳಿಗೆ ಕನ್ನಡ ಕಲಿಸಿತು. ಗಡಿಯ ಕನ್ನಡ ಶಾಲೆಯ ಮಗುವಿಗೆ ಇಂಥ ಚಾನೆಲ್ಲಿನ ಬೆಲೆ ಬೆಂಗಳೂರಿನ ಮಗುವಿಗಿಂತ ಹೆಚ್ಚು. ದುಡ್ಡು ಉಳಿಸಬೇಕಾದಾಗ ಪಟ್ಟಿಯಿಂದ ಮೊದಲು ಹೋಗುವುದೂ ಇಂಥದ್ದೇ.

ನೆಲದ ಗೋಪುರಗಳ ಹಳೆಯ ಪ್ರಸಾರವನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿತು. ಚಂದನ ಮಾತ್ರ ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ರಿಚಾರ್ಜ್ ಇಲ್ಲದೆ ಸಿಗುತ್ತದೆ. ಖಾಸಗಿ ವಿತರಕರೂ ಅದನ್ನು ಯಾವ ರಾಜ್ಯದಲ್ಲಾದರೂ ಕೊಡಲೇಬೇಕು, ಶೇಕಡಾ ಐದರ ಗೆರೆ ಅದಕ್ಕಿಲ್ಲ. 2002ರಲ್ಲಿ ಶುರುವಾಗಿ ಮೂರು ಸಾವಿರಕ್ಕೂ ಹೆಚ್ಚು ಕಂತು ದಾಟಿದ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಬಂದದ್ದು ಆ ಚಾನೆಲ್ಲಿನಲ್ಲಿ. ಸರಿ ಉತ್ತರಕ್ಕೆ ಅಲ್ಲಿ ಬಹುಮಾನವಾಗಿ ಕೊಡುವುದು ಕನ್ನಡ ಪುಸ್ತಕ.