ಅಮೆರಿಕದ ಹಳೆಯ ಬೇಸಾಯದ ಪಾನಾಗಳ ಮೂಲನಿರ್ಣಯ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹಳೆಯ ಹೊಲಮನೆಗಳಲ್ಲಿ, ಯಾವ ಯಂತ್ರಕ್ಕೆ ಸೇರಿದುವೆಂದು ತಿಳಿಯದ ಕಬ್ಬಿಣದ ಪಾನಾಗಳು, ಎಂದರೆ ಸ್ಪ್ಯಾನರುಗಳು, ಹೇರಳವಾಗಿ ದೊರೆಯುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಯ್ಲಿನ ಮತ್ತು ಬಿತ್ತನೆಯ ಯಂತ್ರಗಳನ್ನು ಮಾಡುತ್ತಿದ್ದವರು, ನಟ್ಟುಗಳನ್ನು ಬಿಗಿಮಾಡಲೆಂದು ಯಂತ್ರದೊಡನೆ ಪಾನಾವನ್ನೂ ಕೊಡುತ್ತಿದ್ದುದುಂಟು. ಎಷ್ಟೋ ಯಂತ್ರಗಳು ಗುಜರಿಗೆ ಹೋದುವು, ಪಾನಾಗಳು ಉಳಿದುವು. ಯಂತ್ರವಿಲ್ಲದೆಡೆಯಲ್ಲಿ, ಅದು ಆ ಹೊಲದಲ್ಲಿ ದುಡಿದುದಕ್ಕೆ ಪಾನಾವೇ ಸಾಕ್ಷಿ. ಸಾಕ್ಷಿಯನ್ನು ತಪ್ಪಾಗಿ ಓದಿದರೆ ಬೇಸಾಯದ ಚರಿತ್ರೆಯೂ ತಪ್ಪಾಗುತ್ತದೆ.

ಪಾನಾದ ಮೇಲೆ ಉಬ್ಬಿರುವ ಅಂಕೆಗಳನ್ನು ಇಸವಿಯೆಂದೋ ಪೇಟೆಂಟಿನ ಸಂಖ್ಯೆಯೆಂದೋ ಭಾವಿಸುವುದು ಸಾಮಾನ್ಯವಾದ ಪ್ರಮಾದ. ಅವು ಬಹುಮಟ್ಟಿಗೆ ಬಿಡಿಭಾಗದ ಸಂಖ್ಯೆಗಳು. ಮುರಿದ ಭಾಗಕ್ಕೆ ಬದಲನ್ನು ತರಿಸಲು ಅನುಕೂಲವಾಗಲೆಂದು ಅಚ್ಚಿನಲ್ಲಿಯೇ ಅವನ್ನು ಮೂಡಿಸುತ್ತಿದ್ದರು. ಒಂದೇ ಸಂಖ್ಯೆ ಬೇರೆ ಬೇರೆ ಕಾರ್ಖಾನೆಗಳಲ್ಲಿ ಬೇರೆ ಬೇರೆ ಭಾಗಗಳನ್ನು ಸೂಚಿಸಬಹುದಾದುದರಿಂದ, ಅದನ್ನು ಆಯಾ ಕಾರ್ಖಾನೆಯ ಬಿಡಿಭಾಗಗಳ ಪಟ್ಟಿಯೊಡನೆ ತಾಳೆನೋಡದೆ ನಿರ್ಣಯಕ್ಕೆ ಬರಲಾಗದು.

ಪೇಟೆಂಟಿನ ಉಲ್ಲೇಖ ಸ್ಪಷ್ಟವಾಗಿದ್ದರೆ ಸ್ವಲ್ಪ ನೆರವು ದೊರೆಯುತ್ತದೆ. 1842ರ ಕಾಯಿದೆಯು ವಸ್ತುವಿನ ಮೇಲೆ ಪೇಟೆಂಟಿನ ದಿನಾಂಕವನ್ನು ನಮೂದಿಸಬೇಕೆಂದು ವಿಧಿಸಿತು. 1927ರಲ್ಲಿ ದಿನಾಂಕದ ಸ್ಥಾನಕ್ಕೆ ಸಂಖ್ಯೆ ಬಂದಿತು. ಆದರೆ ದಿನಾಂಕವು ಪೂರ್ವದ ಎಲ್ಲೆಯನ್ನು ಮಾತ್ರ ತಿಳಿಸುತ್ತದೆ. ಅದೇ ಅಚ್ಚಿನಿಂದ ಅನೇಕ ವರ್ಷ ಪಾನಾಗಳನ್ನು ಎರೆದಿರಬಹುದು.

ಹೆಸರೂ ಎಚ್ಚರಿಕೆಯಿಂದ ಪರಿಶೀಲಿಸತಕ್ಕುದು. 1902ರಲ್ಲಿ ಮೆಕಾರ್ಮಿಕ್, ಡೀರಿಂಗ್, ಪ್ಲೇನೊ, ಮಿಲ್ವಾಕಿ ಮತ್ತು ವಾರ್ಡರ್-ಬುಶ್ನೆಲ್-ಗ್ಲೆಸ್ನರ್ ಎಂಬ ಐದು ಸಂಸ್ಥೆಗಳು ಕೂಡಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯಾಯಿತು. ಆ ಕಂಪೆನಿಯ ಅಕ್ಷರಗಳುಳ್ಳ ಪಾನಾ 1902ಕ್ಕಿಂತ ಹಿಂದಿನದಾಗಲಾರದು. ಇದರ ವಿಲೋಮವು ಸತ್ಯವಲ್ಲ: ಮೆಕಾರ್ಮಿಕ್, ಡೀರಿಂಗ್ ಹೆಸರುಗಳು ವಿಲೀನದ ಅನಂತರವೂ ಬಳಕೆಯಲ್ಲಿದ್ದುವು. ಇವುಗಳ ಶೋಧನೆಗೆ ಮೆಡಿಸನ್ ನಗರದ ವಿಸ್ಕಾನ್ಸಿನ್ ಚಾರಿತ್ರಿಕ ಸಂಘದಲ್ಲಿರುವ ಮೆಕಾರ್ಮಿಕ್ ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ದಾಖಲೆಗಳು ಮುಖ್ಯವಾದ ಆಕರ.

ಹೆಸರೂ ಅಂಕೆಯೂ ಇಲ್ಲದಾಗ ಲೋಹ ಮತ್ತು ಅಳತೆ ಉಳಿಯುತ್ತವೆ. ಎರಕದ ಕಬ್ಬಿಣವನ್ನು ದೀರ್ಘಕಾಲ ಕಾಯಿಸಿ ಅದರ ಪೆಡಸುತನವನ್ನು ಕಳೆಯುವ ಕ್ರಮವನ್ನು ಸೇತ್ ಬಾಯ್ಡನ್ 1826ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕಿನಲ್ಲಿ ಸಾಧಿಸಿದನು. ಅಗ್ಗದ ಎರಕದ ಪಾನಾಗಳಿಗೆ ಇಂತಹ ಲೋಹವೇ ಒದಗಿತು. 1864ರಲ್ಲಿ ವಿಲಿಯಂ ಸೆಲ್ಲರ್ಸ್ ಫಿಲಡೆಲ್ಫಿಯದ ಫ್ರ್ಯಾಂಕ್ಲಿನ್ ಸಂಸ್ಥೆಯಲ್ಲಿ ಸೂಚಿಸಿದ ಸೂತ್ರದಂತೆ, ನಯಗೊಳಿಸದ ನಟ್ಟಿನ ಅಗಲವು ಬೋಲ್ಟಿನ ವ್ಯಾಸದ ಒಂದೂವರೆಯಷ್ಟಕ್ಕೆ 1/8 ಅಂಗುಲ ಕೂಡಿದಷ್ಟು. ಅರ್ಧ ಅಂಗುಲದ ಬೋಲ್ಟಿಗೆ 7/8 ಅಂಗುಲದ ನಟ್ಟು. ಹೀಗೆ ಪಾನಾದ ಬಾಯಿಯನ್ನು ಅಳೆದು ಬೋಲ್ಟನ್ನು ಊಹಿಸಬಹುದು. ಆದರೆ ಈ ಕ್ರಮವು ಎಲ್ಲೆಡೆ ಒಮ್ಮೆಗೇ ನೆಲೆಗೊಳ್ಳಲಿಲ್ಲವಾದುದರಿಂದ ಅಳತೆಯೊಂದೇ ಪ್ರಮಾಣವಾಗದು.

ತೇದಿಯಿಲ್ಲದ ಶಾಸನದಲ್ಲಿ ಲಿಪಿ, ಭಾಷೆ, ರಾಜನಾಮ ಇವುಗಳನ್ನು ಒಟ್ಟಿಗೆ ತೂಗುವಂತೆ, ಇಲ್ಲಿಯೂ ಸಂಖ್ಯೆ, ಹೆಸರು, ಲೋಹ, ಅಳತೆಗಳನ್ನು ಒಟ್ಟಿಗೆ ತೂಗಬೇಕು. ಅವು ಒಂದಕ್ಕೊಂದು ಹೊಂದದಿದ್ದಾಗ ‘ಅಜ್ಞಾತ’ವೆಂಬ ಚೀಟಿಯೇ ಲೇಸು, ಒಮ್ಮೆ ಅಂಟಿಸಿದ ಸುಳ್ಳು ಹೆಸರು ಮುಂದಿನ ಪಟ್ಟಿಗಳಲ್ಲಿ ಪ್ರಮಾಣವಾಗಿಬಿಡುತ್ತದೆ.