ದಾಂಡೇಲಿಯ ಬಿದಿರು: ಮರುಪೂರಣದ ಲೆಕ್ಕ ತಪ್ಪಿದ್ದೆಲ್ಲಿ?

ಪೂರೈಕೆ ಸರಪಳಿಯ ಇತಿಹಾಸ ಬರೆಯುವ ನಿರ್ವಹಣಾಶಾಸ್ತ್ರದ ಮಿತ್ರರು ಕಾರ್ಖಾನೆಯ ಗೇಟಿನ ಒಳಗಷ್ಟೇ ನೋಡುತ್ತಾರೆ. ಪರಿಸರ ಇತಿಹಾಸಕಾರರು ಹೊರಗೆ ನಿಂತು ದರಪಟ್ಟಿ ಓದುತ್ತಾರೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಗ್ಗೆ ಯಾರು ಬರೆದರೂ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟ ಮಾತು ಬಂದೇ ಬರುತ್ತದೆ. ಅದು ಸುಳ್ಳಲ್ಲ, ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರುತ್ತಿದ್ದರು. ಆದರೆ ಬಿದಿರನ್ನು ಅಷ್ಟೊಂದು ಕಡಿದದ್ದೇಕೆ ಎಂಬುದಕ್ಕಷ್ಟೇ ಈ ದರ ಉತ್ತರ. ಕಡಿದ ಮೆಳೆ ಮತ್ತೆ ತುಂಬಲಿಲ್ಲವೇಕೆ ಎಂಬ ಪ್ರಶ್ನೆ ಬೇರೆಯೇ, ಮತ್ತು ನನ್ನ ಆಸಕ್ತಿ ಇರುವುದು ಅದರಲ್ಲಿ.

ಅದಕ್ಕೆ ಬೇಕಾದ ಸಾಕ್ಷ್ಯ 1970ರ ದಶಕದಲ್ಲೇ ಸಿಕ್ಕಿತ್ತು. ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರಿನ ಅಧ್ಯಯನಕ್ಕೆ ತೊಡಗಿದಾಗ ಅರಣ್ಯ ಇಲಾಖೆಯ ದಾಸ್ತಾನಿನ ಅಂದಾಜು ವಾಸ್ತವಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತೆಂದು ಕಂಡುಬಂತು. ಈ ಸಂಖ್ಯೆಯನ್ನು ಎಲ್ಲರೂ ಎತ್ತಿಕೊಂಡರು. ಅದರ ಪಕ್ಕದಲ್ಲೇ ಇದ್ದ ಮುಳ್ಳಿನ ಸಂಗತಿ ಮಾತ್ರ ಹೆಚ್ಚಿನ ಬರಹಗಳಲ್ಲಿ ಒಂದು ವಾಕ್ಯಕ್ಕೆ ಇಳಿದುಹೋಯಿತು.

ಹೆಬ್ಬಿದಿರ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡು ಬೇಲಿಯಾಗಿರುತ್ತವೆ. ಮಳೆಗಾಲದಲ್ಲಿ ಕಳಲೆ ಮೂಡುವುದು ಆ ಬೇಲಿಯ ಒಳಗೆ. ಮೆಳೆಯ ಇಕ್ಕಟ್ಟು ಕಳೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆಯಿಂದ ಆ ಮುಳ್ಳುಬೇಲಿಯನ್ನು ಸವರಿ ತೆಗೆಯುತ್ತಿದ್ದರು. ಕಡಿಯುವವರ ಕೈಗೂ ಅದು ಅನುಕೂಲ. ಊರವರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಮುಳ್ಳು ಹೋದರೆ ಕಳಲೆ ದನಕ್ಕೆ, ಮುಸುವಕ್ಕೆ, ಮುಳ್ಳುಹಂದಿಗೆ. ಕ್ಷೇತ್ರಾಧ್ಯಯನ ಎತ್ತಿಹಿಡಿದದ್ದು ಊರವರ ಮಾತನ್ನೇ.

ಇಲ್ಲಿ ಎರಡು ಆಕ್ಷೇಪಗಳಿವೆ. ಕಳಲೆ ತಿಂದದ್ದು ದನವಾದರೆ ತಪ್ಪು ಮೇಯಿಸಿದವರದ್ದಲ್ಲವೇ ಎಂಬುದು ಮೊದಲನೆಯದು. ಇಲಾಖೆಯ ಕಡೆಯಿಂದ ಮತ್ತೆಮತ್ತೆ ಬಂದ ಈ ವಾದವನ್ನು ಕೆಲವು ವಿದ್ವಾಂಸರು ಈಗಲೂ ಗಂಭೀರವಾಗಿ ತೂಗುವುದು ನನಗೆ ಅರ್ಥವಾಗದು. ಹಳಿಯಾಳ, ಮುಂಡಗೋಡದ ಕಾಡಿನಂಚಿನ ಊರುಗಳಲ್ಲಿ ದನಗಳು ಗಿರಣಿಗಿಂತ ಹಳೆಯವು. ಹೊಸದಾಗಿ ಬದಲಾದದ್ದು ಬೇಲಿ. ಎರಡನೆಯ ಆಕ್ಷೇಪಕ್ಕೆ ತೂಕವಿದೆ: ಬಿದಿರು ಹಲವು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುತ್ತದೆ, ನಾಶಕ್ಕೆ ಅದೇ ಕಾರಣವಿರಬಹುದಲ್ಲ? ಇರಬಹುದು, ಆದರೆ ಎರಡು ನಷ್ಟಗಳ ಗುರುತು ಒಂದೇ ಅಲ್ಲ. ಹೂಬಿಟ್ಟಾಗ ಇಡೀ ಮೆಳೆ ಒಣಗುತ್ತದೆ. ಕಳಲೆ ಕಳೆದುಕೊಂಡ ಮೆಳೆಯಲ್ಲಿ ಬಲಿತ ಗಳಗಳು ಹಸಿರಾಗಿಯೇ ನಿಂತು, ಒಂದೆರಡು ವರ್ಷದ ಎಳೆಯವು ಮಾತ್ರ ಕಾಣೆಯಾಗಿರುತ್ತವೆ. ಬಲಿತ ಗಳಗಳನ್ನಷ್ಟೇ ಎಣಿಸುವವನಿಗೆ ಅಂಥ ಮೆಳೆ ತುಂಬಿದಂತೆಯೇ ತೋರುತ್ತದೆ. (ಮುಳ್ಳಿಲ್ಲದ ಕಿರುಬಿದಿರಿಗೆ ಈ ವಾದ ಇದ್ದಂತೆಯೇ ಒಪ್ಪದು. ಎರಡು ಜಾತಿಗಳನ್ನೂ ಸೇರಿಸಿ ಒಟ್ಟು ಟನ್ನು ಲೆಕ್ಕ ಕೊಡುವ ಕೋಷ್ಟಕಗಳನ್ನು ನಾನು ನಂಬದಿರುವುದೂ ಅದಕ್ಕೇ.)

ಗೇಟಿನ ಒಳಗಿನ ಮರುಪೂರಣದ ಲೆಕ್ಕಕ್ಕೂ ಇದರಲ್ಲಿ ಪಾಠವಿದೆ. ಟೊಯೋಟಾದ ತೈಚಿ ಓನೊ ರೂಪಿಸಿದ ಕಾನ್‌ಬಾನ್ ಎಂಬ ಚೀಟಿ ಪದ್ಧತಿಯಲ್ಲಿ ಮುಂದಿನ ಹಂತ ಬಳಸಿದಷ್ಟನ್ನೇ ಹಿಂದಿನ ಹಂತ ತುಂಬುತ್ತದೆ. ಇಂದು ಚೀಟಿಯ ಜಾಗಕ್ಕೆ ಬಾರ್‌ಕೋಡ್, ತಂತ್ರಾಂಶ ಬಂದಿವೆ. ಆದರೆ ಹಿಂದಿನ ಹಂತಕ್ಕೆ ತುಂಬಿಕೊಡುವ ಶಕ್ತಿ ಇದೆ ಎಂಬುದನ್ನು ಈ ವ್ಯವಸ್ಥೆ ಮೊದಲೇ ಒಪ್ಪಿಕೊಂಡಿರುತ್ತದೆ. ದಾಸ್ತಾನಿನ ಕಲಂನಲ್ಲಿ ಹತ್ತು ಪಟ್ಟು ಸುಳ್ಳಿದ್ದರೆ ಮರುಬೇಡಿಕೆಯ ಸೂತ್ರ ಅದನ್ನು ತಿದ್ದುವುದಿಲ್ಲ, ಇನ್ನಷ್ಟು ಚುರುಕಾಗಿ ಕಡಿಸುತ್ತದೆ.

ಇನ್ನೊಂದನ್ನು ನಿರ್ವಹಣಾಶಾಸ್ತ್ರದವರು ಗುಣವೆಂದೇ ಬಗೆಯುತ್ತಾರೆ: ಪರ್ಯಾಯ ಮೂಲ. ಹತ್ತಿರದ ಕಾಡು ಬರಿದಾದಂತೆ ಗಿರಣಿಗೆ ಬಿದಿರು ದೂರದೂರದಿಂದ, ಕೊನೆಗೆ ಬೇರೆ ರಾಜ್ಯಗಳಿಂದಲೂ ಬಂತು. ಆಮೇಲೆ ನೀಲಗಿರಿ, ಸುಬಾಬುಲ್, ಗಾಳಿಮರಗಳು ತಿರುಳಿಗೆ ಒದಗಿದವು. ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರ 'ದಿಸ್ ಫಿಶರ್ಡ್ ಲ್ಯಾಂಡ್' ಕೃತಿಯಲ್ಲಿ ಇದನ್ನು ಒಂದಾದ ಮೇಲೊಂದು ಮೂಲವನ್ನು ಮುಗಿಸುತ್ತ ಹೋಗುವ ಕ್ರಮವೆಂದು ಗುರುತಿಸಿದ್ದಾರೆ. ಅದಕ್ಕೆ ನಾನು ಸೇರಿಸುವುದು ಇಷ್ಟು: ಮೂಲ ಬದಲಿಸುವುದು ಸಲೀಸಾದಷ್ಟೂ ಮೊದಲ ಮೂಲ ಸೋತ ಸುದ್ದಿ ಗಿರಣಿಗೆ ತಟ್ಟುವುದು ತಡವಾಯಿತು.

ಈಗ ಮರದ ಡಿಪೋಗಳ ಲೆಕ್ಕ ಗಣಕಕ್ಕೆ ಏರುತ್ತಿರುವಾಗ ಹಳೆಯ ಕೂಪುಗಳ (ಕಡಿತಕ್ಕೆ ಗುರುತು ಹಾಕಿದ ಕಾಡಿನ ತುಂಡುಗಳ) ದಾಖಲೆಯನ್ನೂ ಏರಿಸಬೇಕೆಂಬ ಮಾತಿದೆ. ಏರಿಸಲಿ. ಆದರೆ ಕಡಿದ ಟನ್ನಿನ ಪಕ್ಕದಲ್ಲಿ ಜಾತಿ, ಬುಡ ಸವರಿದ ವರ್ಷ, ಮರುಮಳೆಗಾಲದ ಕಳಲೆ, ಈ ಮೂರು ಕಲಂಗಳು ಇರಬೇಕು. ದಾಖಲೆಯಲ್ಲಿ ಇವು ಸಿಗದ ಕಡೆ ಖಾಲಿ ಬಿಡಲಿ. ಸರಾಸರಿ ಹಾಕಿ ತುಂಬಿಸುವುದು ಬೇಡ.