ತಟ್ಟೆ ತೋರಿದ ದಾರಿ

ಜನಪ್ರಿಯ ಹಾಡುಗಳೆಂದರೆ ಹಗುರವೆಂದು ತರಗತಿಯ ಹುಡುಗರನ್ನು ನಾನು ಗದರಿದ್ದುಂಟು. ಗದುಗಿನ ಸೀಮೆಯ ಇತಿಹಾಸವೇ ನನ್ನನ್ನು ತಿದ್ದಿತು. ರೋಣದಲ್ಲಿ 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರಿಗೆ ಗಾನದ ಹುಚ್ಚು ಹಿಡಿಸಿದ್ದು, ಅಂಗಡಿಯಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು. ಮೂರು ನಿಮಿಷಗಳ ಹಾಡು. ಹಾಗೆ ಹಾಡಬೇಕೆಂದು ಆ ಬಾಲಕ 1933ರಲ್ಲಿ ಮನೆ ಬಿಟ್ಟ. ತಟ್ಟೆ ಹಸಿವನ್ನು ಕೊಟ್ಟಿತು. ಅನ್ನಕ್ಕೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಮನೆಯೇ ಬೇಕಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಂತೂ ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ಅಗಲಿದ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು, ತಾವೇ ಅಂಧರಾಗಿದ್ದು, ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರು. ಅಂಗಡಿಯ ಮುಂದೆ ಹಾಡು ಕೇಳುತ್ತ ನಿಂತ ಹುಡುಗನನ್ನು ನಾನೀಗ ಗದರುವುದಿಲ್ಲ; ಅವನಿಗೊಬ್ಬ ಗುರು ಸಿಗಲಿ ಎಂದು ಹಾರೈಸುತ್ತೇನೆ.